ತಿಂಗಳ ಮೊದಲ ದಿನದ ಸಾಲು

ವಾರಂಟ್ ಕ್ಯಾನರಿಗೆ ಕನ್ನಡದಲ್ಲಿ ಏನಂತಾರೆ ಎಂದು ಆ ಹುಡುಗಿ ಫೋನು ಮಾಡಿ ಕೇಳಿದಾಗ ನಾನು ಬನಶಂಕರಿಯ ನಮ್ಮ ಮನೆಯಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ವಾರಂಟ್ ಅಂದರೆ ಗೊತ್ತಿತ್ತು, ಪೊಲೀಸರು ಹಿಡಿದುಕೊಂಡು ಬರುವುದು. ಕ್ಯಾನರಿ ಅಂದರೆ ಪರದೇಶದ ಒಂದು ಪುಟ್ಟ ಹಳದಿ ಹಕ್ಕಿ ಎಂಬುದೂ ಗೊತ್ತಿತ್ತು. ಎರಡೂ ಸೇರಿದರೆ ಏನಾಗುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

“ನಾಳೆ ಬರ್ತೀನಿ, ಎದುರಿಗೆ ಕೂತು ಹೇಳು. ಫೋನಲ್ಲಿ ಹೇಳಿದ್ರೆ ನನ್ನ ತಲೆಗೆ ಹೋಗಲ್ಲ” ಎಂದೆ.

ಹುಡುಗಿ ಎಂದು ಬರೆದೆ. ಅವಳಿಗೆ ಆಗಲೇ ಮೂವತ್ತು ದಾಟಿತ್ತು. ನನ್ನ ವಯಸ್ಸಿಗೆ ಹುಡುಗಿ, ಅಷ್ಟೆ. ದಾವಣಗೆರೆ ಕಡೆಯವಳು, ತಂದೆಯದು ಬಟ್ಟೆ ಅಂಗಡಿ. ಬಿಟಿಎಂ ಲೇಔಟಿನ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಾಗ ತನ್ನ ಮೇಲಿನವನೊಬ್ಬನ ಬಗ್ಗೆ ದೂರು ಕೊಟ್ಟಿದ್ದಳು. ಹೆಸರು ಹೊರಗೆ ಬಿಡುವುದಿಲ್ಲ ಎಂದು ದೂರು ತೆಗೆದುಕೊಂಡವರು ಮಾತು ಕೊಟ್ಟಿದ್ದರು. ಅದೇ ದಿನ ಸಂಜೆ ಅವಳು ಕಾಫಿಗೆ ಹೋದರೆ ಇಡೀ ಮಹಡಿಯೇ ಮಾತು ನಿಲ್ಲಿಸಿ ಅವಳನ್ನು ನೋಡಿತಂತೆ. ಸ್ವಲ್ಪ ಕಾಲದಲ್ಲೇ ಆ ಕೆಲಸ ಬಿಟ್ಟಳು. ಜೆ.ಪಿ. ನಗರದ ಪಕ್ಕದ ಪುಟ್ಟೇನಹಳ್ಳಿಯಲ್ಲಿ ಒಂದು ಮನೆಯ ಮೊದಲ ಮಹಡಿ ಬಾಡಿಗೆಗೆ ಹಿಡಿದು, ಬೇರೆಯವರಿಗೆ ಪ್ರೋಗ್ರಾಂ ಬರೆದುಕೊಟ್ಟು ಜೀವನ ಸಾಗಿಸುತ್ತ, ಉಳಿದ ಹೊತ್ತಿನಲ್ಲಿ ಒಂದು ವೆಬ್‌ಸೈಟ್ ಕಟ್ಟಿದಳು. ಕೆಲಸದ ಜಾಗದಲ್ಲಿ ತಮಗೆ ಆದದ್ದನ್ನು ಹೆಂಗಸರು ಹೆಸರು ಹೇಳದೆ ಬರೆಯುವ ಜಾಗ ಅದು. ಗಾರ್ಮೆಂಟ್ಸ್‌ನವರು, ನರ್ಸ್‌ಗಳು, ಅಂಗಡಿಯಲ್ಲಿ ನಿಲ್ಲುವವರು, ಟೀಚರುಗಳು, ಬ್ಯಾಂಕಿನವರು, ಎಲ್ಲರೂ ಬರೆಯುತ್ತಿದ್ದರು. ಓದಿದವರು ಕೆಳಗೆ ಸಮಾಧಾನ ಬರೆಯುತ್ತಿದ್ದರು, ಇಂಥ ಕಡೆ ಹೋಗಿ ಕೇಳಿ ಎಂದು ದಾರಿ ತೋರಿಸುತ್ತಿದ್ದರು.

ನಾನು ಪುಸ್ತಕಗಳ ಕರಡು ತಿದ್ದುವ ಕೆಲಸದಲ್ಲಿ ವರ್ಷಗಟ್ಟಲೆ ಕಣ್ಣು ಸವೆಸಿ ಮನೆಯಲ್ಲಿ ಕೂತವಳು. ಕನ್ನಡದ ಬರಹಗಳನ್ನು ಓದಿ, ಬಾಯಿತಪ್ಪಿ ಬಂದ ಊರು, ಕಂಪನಿ, ಮನುಷ್ಯರ ಹೆಸರುಗಳನ್ನು ತೆಗೆಯಲು ಅವಳಿಗೊಬ್ಬರು ಬೇಕಾಗಿತ್ತು. ಪರಿಚಯದವರೊಬ್ಬರು ನನ್ನ ನಂಬರು ಕೊಟ್ಟರು. ಹಾಗೆ ನಾವು ಜೊತೆಯಾದೆವು.

ಮರುದಿನ ಪುಟ್ಟೇನಹಳ್ಳಿಗೆ ಹೋದೆ. ಅವಳು ಕಾಫಿ ಕೊಟ್ಟು ಎದುರಿಗೆ ಕೂತಳು.

“ನೋಡಿ ಮೇಡಂ, ಯಾವ್ದೋ ಇಲಾಖೆಯಿಂದ ನಮಗೊಂದು ಆರ್ಡರ್ ಬರುತ್ತೆ ಅಂತಿಟ್ಕೊಳ್ಳಿ. ಇಂಥ ಸದಸ್ಯರ ವಿವರ ಕೊಡಿ ಅಂತ. ಜೊತೆಗೆ, ನಾವು ಕೇಳಿದ್ವಿ ಅಂತ ಯಾರಿಗೂ ಹೇಳ್ಬೇಡಿ ಅಂತಾನೂ ಇರುತ್ತೆ. ಆಮೇಲೆ ನಾವು ಬಾಯಿ ಬಿಡೋ ಹಾಗಿಲ್ಲ.”

“ಸರಿ.”

“ಆದ್ರೆ ಅದು ಬರೋಕೆ ಮುಂಚೆ, ಇನ್ನೂ ಬಂದಿಲ್ಲ ಅಂತ ಹೇಳೋಕೆ ಯಾರ ಅಡ್ಡಿನೂ ಇಲ್ವಲ್ಲ. ಅದನ್ನ ಪ್ರತಿ ತಿಂಗಳು ಒಂದನೇ ತಾರೀಕು ಹೇಳ್ತಾ ಇರೋದು. ಆರ್ಡರ್ ಬಂದ ತಿಂಗಳು ಸುಮ್ಮನಾಗೋದು. ಬಾಯಿ ಬಿಟ್ಟ ಹಾಗೂ ಆಗಲ್ಲ, ಸುಳ್ಳು ಹೇಳಿದ ಹಾಗೂ ಆಗಲ್ಲ. ನಮ್ಮವರಿಗೆ ತಿಳಿದ ಹಾಗೂ ಆಯ್ತು.”

“ಇದ್ರಲ್ಲಿ ಹಕ್ಕಿ ಎಲ್ಲಿಂದ ಬಂತು?”

ಹಿಂದೆ ಪರದೇಶಗಳಲ್ಲಿ ಕಲ್ಲಿದ್ದಲು ಗಣಿಗೆ ಇಳಿಯುವವರು ಪಂಜರದಲ್ಲಿ ಆ ಹಕ್ಕಿಯನ್ನು ಒಯ್ಯುತ್ತಿದ್ದರಂತೆ. ವಿಷಗಾಳಿ ಇದ್ದರೆ ಮನುಷ್ಯರಿಗಿಂತ ಮೊದಲು ಹಕ್ಕಿಗೆ ತಾಗುತ್ತದೆ. ಅದರ ಚಿಲಿಪಿಲಿ ನಿಂತರೆ ಎಲ್ಲರೂ ಮೇಲಕ್ಕೆ ಓಡುತ್ತಿದ್ದರಂತೆ. ಹೊರದೇಶದ ಎಷ್ಟೋ ವೆಬ್‌ಸೈಟ್‌ಗಳು ಇಂಥ ಸಾಲೊಂದನ್ನು ಹಾಕಿಕೊಳ್ಳುತ್ತವೆ, ನಾವೂ ಹಾಕೋಣ, ನೀವು ಕನ್ನಡ ಮಾಡಿಕೊಡಿ ಎಂದಳು.

ಸುಲಭ ಎಂದುಕೊಂಡು ಮನೆಗೆ ಬಂದೆ. ಸುಲಭವಾಗಲಿಲ್ಲ. ಗಣಿಯ ಹಕ್ಕಿ ಎಂದು ಬರೆದೆ, ಮುನ್ಸೂಚನೆಯ ಹಕ್ಕಿ ಎಂದು ಬರೆದೆ. ಓದಿ ನೋಡಿದರೆ ಯಾವುದೋ ಪಠ್ಯಪುಸ್ತಕದ ಪಾಠದ ಹಾಗಿತ್ತು. ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸಿನಲ್ಲಿ ಕಾಜಾ ಹೊಲಿಯುವ ಹೆಂಗಸು ಊಟದ ಬಿಡುವಿನಲ್ಲಿ ಮೊಬೈಲು ತೆಗೆದು ಇದನ್ನು ಓದಿದರೆ ಏನು ತಿಳಿದುಕೊಂಡಾಳು? ಕಂಡಿರದ ಗಣಿ, ಕಂಡಿರದ ಹಕ್ಕಿ. ಹರಿದುಹಾಕಿದೆ.

ಆ ವಾರದಲ್ಲೇ ಒಂದು ಬೆಳಿಗ್ಗೆ ಮತ್ತೆ ಪುಟ್ಟೇನಹಳ್ಳಿಗೆ ಹೋಗಬೇಕಾಯಿತು. ಅವಳ ಮನೆ ಮಾಲೀಕರು ಆ ಹಳ್ಳಿಯ ಹಳಬರು. ಹಿಂದೆ ಕೆರೆ ಕೆಳಗೆ ರಾಗಿ, ಸೊಪ್ಪು ಬೆಳೆಯುತ್ತಿದ್ದವರು. ಹೊಲವೆಲ್ಲ ಸೈಟಾದ ಮೇಲೆ ಉಳಿದ ಜಾಗದಲ್ಲಿ ಮೂರು ಮಹಡಿ ಕಟ್ಟಿ ಕೆಳಗೆ ತಾವಿದ್ದು ಮೇಲಿನದನ್ನು ಬಾಡಿಗೆಗೆ ಕೊಟ್ಟಿದ್ದರು. ಯಜಮಾನರ ಹೆಂಡತಿ ದಿನಾ ಗೇಟಿನ ಮುಂದೆ ಕೈಯಗಲದ ರಂಗೋಲಿ ಹಾಕುತ್ತಿದ್ದರು. ಆ ದಿನ ಇರಲಿಲ್ಲ. ನೆಲಕ್ಕೆ ನೀರೂ ಹಾಕಿರಲಿಲ್ಲ. ನಾನು ಮೆಟ್ಟಿಲ ಕೆಳಗೆ ಚಪ್ಪಲಿ ಸದ್ದಾಗದ ಹಾಗೆ ಬಿಟ್ಟು, ಮೇಲೆ ಹೋಗಿ ದನಿ ತಗ್ಗಿಸಿ ಕೇಳಿದೆ, “ಯಾರು ಹೋದ್ರು?”

“ಅಂಜನಾಪುರದಲ್ಲಿ ಅಂಕಲ್ ಅವರ ದೊಡ್ಡಮ್ಮ. ನಿಮಗೆ ಯಾರು ಹೇಳಿದ್ರು?”

“ಯಾರೂ ಹೇಳಲಿಲ್ಲ, ಬಾಗಿಲಲ್ಲಿ ರಂಗೋಲಿ ಇಲ್ವಲ್ಲ” ಎಂದೆ. ಹೇಳುತ್ತಿದ್ದ ಹಾಗೇ ನಾನು ಹುಡುಕುತ್ತಿದ್ದದ್ದು ಸಿಕ್ಕಿತು. ಅವಳಿಗೂ ಅರ್ಥವಾಯಿತು. ಕೆಳಗೆ ಸಾವಿನ ಮನೆ ಎಂದು ನೆನಪಾಗಿ ಇಬ್ಬರೂ ನಗುವುದನ್ನು ತಡೆದುಕೊಂಡೆವು.

ಅಲ್ಲೇ ಕೂತು ಬರೆದುಕೊಟ್ಟೆ: “ಈ ದಿನದವರೆಗೆ ಯಾವ ಇಲಾಖೆಯೂ, ಯಾವ ಅಧಿಕಾರಿಯೂ ಗುಟ್ಟಿನ ಆದೇಶ ಕೊಟ್ಟು ನಿಮ್ಮಲ್ಲಿ ಯಾರ ವಿವರವನ್ನೂ ನಮ್ಮಿಂದ ಕೇಳಿಲ್ಲ. ಈ ಸಾಲನ್ನು ಪ್ರತಿ ತಿಂಗಳ ಮೊದಲ ದಿನ ಹೊಸದಾಗಿ ಬರೆಯುತ್ತೇವೆ. ಬರೆಯದ ತಿಂಗಳು ಕಾರಣ ಕೇಳಬೇಡಿ. ಬಾಗಿಲಲ್ಲಿ ರಂಗೋಲಿ ಇಲ್ಲದ ಮನೆಯನ್ನು ಕಂಡಾಗ ಹೇಗೋ ಹಾಗೆ, ನೀವೇ ತಿಳಿದುಕೊಳ್ಳಿ.”

ಅದು ವೆಬ್‌ಸೈಟಿನ ಮೊದಲ ಪುಟದ ಬಲಮೂಲೆಯಲ್ಲಿ ಕೂತಿತು. ಹಿಂದಿನ ದಿನವೇ ಬರೆದಿಟ್ಟದ್ದಲ್ಲ ಎಂದು ತೋರಿಸಲು ಅದರ ಕೆಳಗೆ ತಾರೀಕಿನ ಜೊತೆ ಅವತ್ತಿನ ದಿನಪತ್ರಿಕೆಯ ಒಂದು ತಲೆಬರಹ ಹಾಕಬೇಕಿತ್ತು. ಆ ಕೆಲಸ ನನ್ನದು. ತಿಂಗಳ ಮೊದಲ ದಿನ ಕಾಫಿ ಮುಗಿಸಿ, ಪೇಪರು ಹರಡಿಕೊಂಡು, ಅವಳಿಗೆ ಫೋನು ಮಾಡಿ ಒಂದು ತಲೆಬರಹ ಓದುತ್ತಿದ್ದೆ. ರಾಜಕೀಯದ್ದು ಬೇಡವೆಂದು ನಾನೇ ಮಾಡಿಕೊಂಡ ನಿಯಮ. ಹಾಲಿನ ದರ, ಮೆಟ್ರೊ ಕಾಮಗಾರಿ, ಲಾಲ್‌ಬಾಗಿನ ಮಾವಿನ ಮೇಳ, ಇಂಥವು. ಅವಳು ಅದನ್ನು ಸೇರಿಸಿ, ತನ್ನ ಕಂಪ್ಯೂಟರಿನಲ್ಲಿ ಮಾತ್ರ ಇದ್ದ ಗುಟ್ಟಿನ ಕೀಲಿಯಿಂದ ಒಂದು ಮೊಹರು ಹಾಕುತ್ತಿದ್ದಳು. ಬೇರೆಯವರು ಯಾರೇ ಬರೆದರೂ ಆ ಮೊಹರು ಹೊಂದಿಕೊಳ್ಳುವುದಿಲ್ಲವಂತೆ. ಅದು ಹೇಗೆಂದು ನಾನು ಎರಡು ಸಲ ಕೇಳಿ, ಅರ್ಥವಾಗದೆ, ಆಮೇಲೆ ಬಿಟ್ಟೆ.

ಒಂದು ಸಲ ಅವಳಿಗೆ ಡೆಂಗಿ ಬಂದು ಜಯನಗರದ ಆಸ್ಪತ್ರೆಯಲ್ಲಿದ್ದಾಗ ಸಾಲು ಬರೆಯುವುದು ತಡವಾಯಿತು. ಏನಾಯ್ತು, ಏನಾಯ್ತು ಎಂದು ಸದಸ್ಯರು ಕೇಳತೊಡಗಿದರು. ಕೆಲವರು ತಮ್ಮ ಬರಹಗಳನ್ನು ಅಳಿಸಿಯೇಬಿಟ್ಟರು. ಡ್ರಿಪ್ ಹಾಕಿದ ಕೈಯಲ್ಲೇ ಲ್ಯಾಪ್‌ಟಾಪ್ ತರಿಸಿಕೊಂಡು ಬರೆದಳು. “ಹುಷಾರಿಲ್ಲ ಅಂತ ರಜಾ ಹಾಕೋ ಹಾಗಿಲ್ಲ ನೋಡಿ ಇದು” ಎಂದು ಬಾಡಿದ ಮುಖದಲ್ಲೇ ನಕ್ಕಳು. ಮೂಲೆಯ ಆ ಸಾಲನ್ನು ಜನ ನಿಜಕ್ಕೂ ಓದುತ್ತಾರೆ ಎಂದು ನನಗೆ ನಂಬಿಕೆ ಬಂದದ್ದು ಅವತ್ತು.

ಆಮೇಲಿನ ಮಳೆಗಾಲದಲ್ಲಿ ಒಬ್ಬರು ಹಾಸ್ಟೆಲ್ ವಾರ್ಡನ್ ಬರೆದರು. ನಾನು ತಿದ್ದುವಂಥದ್ದು ಏನೂ ಇರಲಿಲ್ಲ, ಅಷ್ಟು ನೇರವಾದ ಕನ್ನಡ. ಊರಾಚೆಯ ಒಂದು ಹೆಣ್ಣುಮಕ್ಕಳ ಹಾಸ್ಟೆಲ್. ನಡೆಸುವವರ ತಮ್ಮನೊಬ್ಬ ಫ್ಯಾನು ನೋಡುತ್ತೇನೆ, ನಲ್ಲಿ ನೋಡುತ್ತೇನೆ ಎಂದು ಹುಡುಗಿಯರ ಕೋಣೆಗಳಿಗೆ ಬಾಗಿಲು ತಟ್ಟದೆ ನುಗ್ಗುತ್ತಿದ್ದ. ಈ ವಾರ್ಡನ್ ಬಾಗಿಲಿಗೆ ಅಡ್ಡ ನಿಂತರು. ಆಡಳಿತದವರಿಗೆ ಹೇಳಿದರು. ಅವರು ಇವರ ಕೈಯಿಂದ ಕೀಲಿಗೊಂಚಲು ಕಿತ್ತುಕೊಂಡು, ಉಗ್ರಾಣದ ಅಕ್ಕಿ ಬೇಳೆ ನೋಡಿಕೊಳ್ಳಿ ಎಂದು ಕೂರಿಸಿದರು. ಹುಡುಗಿಯರು ಉಗ್ರಾಣದ ಕಿಟಕಿಗೆ ಬಂದು ಅಳುತ್ತಾರೆ, ನಾನು ಒಳಗೆ ಅಕ್ಕಿ ಅಳೆಯುತ್ತಿರುತ್ತೇನೆ ಎಂದು ಬರೆದಿದ್ದರು. ನಾನು ತಾಲ್ಲೂಕಿನ ಹೆಸರೊಂದನ್ನು ತೆಗೆದೆ. ಉಳಿದದ್ದನ್ನು ಹಾಗೇ ಬಿಟ್ಟೆ.

ಅದನ್ನು ಬಹಳ ಜನ ಓದಿದರು, ಹಂಚಿಕೊಂಡರು. ಹೆಸರಿಲ್ಲದೆಯೇ ಒಂದು ಪತ್ರಿಕೆಯಲ್ಲೂ ಸುದ್ದಿಯಾಯಿತು. ಯಾವ ಹಾಸ್ಟೆಲ್, ಯಾರು ಬರೆದದ್ದು ಎಂದು ಎಲ್ಲೆಲ್ಲೋ ಮಾತು ಶುರುವಾಯಿತು. ವಾರ್ಡನ್ ಮತ್ತೆ ಏನೂ ಬರೆಯಲಿಲ್ಲ.

ಕೆಲವು ವಾರ ಕಳೆದು ತಿಂಗಳ ಮೊದಲ ದಿನ ಬಂತು. ಎಂದಿನಂತೆ ಫೋನು ಮಾಡಿದೆ. ಕೆರೆಯ ಹೂಳು ತೆಗೆಯುವ ಸುದ್ದಿಯೊಂದಿತ್ತು, ಪುಟ್ಟೇನಹಳ್ಳಿಯವಳಿಗೆ ಇಷ್ಟವಾಗಬಹುದು ಎಂದುಕೊಂಡಿದ್ದೆ.

“ಈ ತಿಂಗಳು ಬೇಡ ಮೇಡಂ” ಎಂದಳು.

“ಚಿಕ್ಕದೇ ಇದೆ, ಓದ್ತೀನಿ ತಾಳು.”

“ಬೇಡ ಮೇಡಂ.”

ಅವಳ ದನಿಯಲ್ಲಿ ಗಡಸಿರಲಿಲ್ಲ, ಅಳುವೂ ಇರಲಿಲ್ಲ. ಯಾರೋ ಬರೆದುಕೊಟ್ಟದ್ದನ್ನು ಓದುವವಳ ಹಾಗಿದ್ದಳು. ಯಾಕೆ ಎಂಬ ಪದ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬರೆಯದ ತಿಂಗಳು ಕಾರಣ ಕೇಳಬೇಡಿ ಎಂದು ಬರೆದವಳೇ ನಾನು. ನುಂಗಿಕೊಂಡು, “ತಿಂಡಿ ಆಯ್ತಾ?” ಎಂದೆ.

“ಇನ್ನೂ ಇಲ್ಲ.”

ಇದ್ದ ಉಪ್ಪಿಟ್ಟನ್ನು ಡಬ್ಬಿಗೆ ಹಾಕಿಕೊಂಡು ಆಟೊ ಹಿಡಿದೆ.

ಗೇಟಿನ ಹತ್ತಿರ ಮನೆ ಯಜಮಾನರು ಸ್ಕೂಟರು ಒರೆಸುತ್ತಿದ್ದರು. ನನ್ನನ್ನು ಕಂಡು ಬಟ್ಟೆ ಕೆಳಗಿಟ್ಟು ಹತ್ತಿರ ಬಂದರು.

“ಮೇಡಮ್ಮಾ, ಮೊನ್ನೆ ಇಬ್ರು ಬಂದಿದ್ರು ಮೇಲಕ್ಕೆ. ಗಲಾಟೆ ಏನಿಲ್ಲ, ಮರ್ಯಾದಸ್ತರೇ. ಹೋಗುವಾಗ ನನ್ನ ಹತ್ರಾನೂ ನಾಕು ಮಾತು ಕೇಳುದ್ರು, ಈ ಹುಡ್ಗಿ ಎಷ್ಟು ದಿನದಿಂದ ಇದಾಳೆ, ಯಾರ್ಯಾರು ಬರ್ತಾರೆ ಅಂತ. ಅವಾಗಿಂದ ಆ ಮಗು ಕೆಳಗೇ ಇಳಿದಿಲ್ಲ. ಏನಾರ ತಪ್ಪು ಮಾಡವಳಾ?”

“ಇಲ್ಲ. ತಪ್ಪು ಮಾಡೋ ಹುಡುಗಿ ಅಲ್ಲ ಅದು.”

“ನಾನೂ ಅದೇ ಅಂದೆ. ಖಾಲಿ ಮಾಡ್ಸು, ನಮಗ್ಯಾಕೆ ಇಲ್ಲದ ಉಸಾಬರಿ ಅಂತ ನನ್ನ ತಮ್ಮ ಕುಂತವ್ನೆ. ನಾನು ಆಗಲ್ಲ ಅಂದೆ. ಹೆಣ್ಮಗಳು, ಈಗ ಎಲ್ಲಿಗೆ ಹೋಯ್ತಾಳೆ? ನೀವು ಮೊದ್ಲು ಏನಾರ ತಿನ್ಸಿ ಹೋಗಿ.”

ಮೇಲೆ ಅವಳು ಬಾಗಿಲು ತೆರೆದಾಗ ಕಣ್ಣಿನ ಕೆಳಗೆ ಕಪ್ಪಾಗಿತ್ತು. ನಾನು ಬಂದವರ ಸುದ್ದಿ ಎತ್ತಲಿಲ್ಲ, ಅವಳೂ ಹೇಳಲಿಲ್ಲ. ಉಪ್ಪಿಟ್ಟು ಬಿಸಿ ಮಾಡಿದೆ. ಎರಡು ತುತ್ತು ತಿಂದು ತಟ್ಟೆಯ ಅಂಚಿಗೆ ಬೆರಳೊರೆಸುತ್ತ ಕೂತಳು. ಬಾಯಿ ತೆರೆದು ಏನೋ ಹೇಳಲು ಹೊರಟು ಮುಚ್ಚಿಕೊಂಡಳು. ಹಾಗೆ ಎರಡು ಮೂರು ಸಲ ಆಯಿತು. ನನಗೆ ಬಾಣಂತನದಲ್ಲಿ, ಸಾವಿನಲ್ಲಿ, ಜಗಳದಲ್ಲಿ ಹೆಂಗಸರ ಪಕ್ಕ ಕೂತು ಅಭ್ಯಾಸವಿದೆ. ಹೇಳುವ ಹಾಗಿಲ್ಲದವರ ಪಕ್ಕ ಕೂತದ್ದು ಅದೇ ಮೊದಲು. ಹೆಗಲ ಮೇಲೆ ಕೈಯಿಟ್ಟೆ. ಅವಳು ಆ ಕೈಗೆ ಕೆನ್ನೆ ತಾಗಿಸಿದಳು.

ಹೊರಡುವಾಗ ಒಂದೇ ಒಂದು ಮಾತು ಹೇಳಿದಳು. “ಮೇಡಂ, ನಾವು ಮೊದಲಿಂದ ಯಾರ ಫೋನ್ ನಂಬರೂ ಇಟ್ಕೊಂಡಿಲ್ಲ, ಹೆಸರೂ ಇಟ್ಕೊಂಡಿಲ್ಲ. ಅದೊಂದು ಒಳ್ಳೆ ಕೆಲಸ ಮಾಡಿದ್ವಿ.” ಅದು ನನಗೆ ಮೊದಲೇ ಗೊತ್ತಿದ್ದ ಮಾತು. ಹೊಸದಾಗಿ ಏನನ್ನೂ ಹೇಳದೆ ಹೇಳಬಹುದಾದದ್ದನ್ನು ಅವಳು ಹುಡುಕಿಕೊಂಡಿದ್ದಳು.

ವೆಬ್‌ಸೈಟಿನ ಮೂಲೆಯಲ್ಲಿ ಹಿಂದಿನ ತಿಂಗಳ ಸಾಲು, ಹಿಂದಿನ ತಿಂಗಳ ತಲೆಬರಹ ಹಾಗೇ ಇತ್ತು. ಒಂದೆರಡು ದಿನ ಯಾರೂ ಏನೂ ಅನ್ನಲಿಲ್ಲ. ಆಮೇಲೆ ಒಬ್ಬರು ಕೇಳಿದರು, ಮತ್ತೊಬ್ಬರು ಕೇಳಿದರು. ಮತ್ತೆ ಡೆಂಗಿ ಇರಬಹುದೇ ಎಂದು ಒಬ್ಬರು ಬರೆದರು. ಇಲ್ಲಿ ಉತ್ತರ ಬರದಿರುವುದೇ ಉತ್ತರ ಎಂದು ಇನ್ನೊಬ್ಬರು ಬರೆದರು. ವಾರ ಮುಗಿಯುವ ಹೊತ್ತಿಗೆ ಜನ ಹೋಗತೊಡಗಿದರು. ಕೆಲವರು ತಮ್ಮ ಬರಹಗಳನ್ನು ಅಳಿಸುವ ಮುಂಚೆ ಎರಡು ಒಳ್ಳೆಯ ಮಾತು ಬರೆದರು. ಕೆಲವರಿಗೆ ಸಿಟ್ಟು. ಎಷ್ಟಕ್ಕೆ ಮಾರಿದಿರಿ ನಮ್ಮನ್ನು ಎಂದು ಒಬ್ಬರು ಕೇಳಿದ್ದರು.

ಅದನ್ನು ಅವಳು ಓದದಿರಲಿ ಎಂದು ನಾನು ತೆಗೆಯಲು ಹೊರಟರೆ ಅವಳೇ ಫೋನು ಮಾಡಿದಳು. “ತೆಗೀಬೇಡಿ ಮೇಡಂ, ಓದಿದೀನಿ. ಅವರ ಜಾಗದಲ್ಲಿ ನಾನಿದ್ದಿದ್ರೂ ಅದನ್ನೇ ಕೇಳ್ತಿದ್ದೆ. ಆಫೀಸಲ್ಲಿ ನಂಗೂ ಒಂದಿನ ಹಾಗೇ ಆಗಿತ್ತಲ್ಲ.”

ನನಗೆ ವಾರ್ಡನ್‌ದೇ ಚಿಂತೆಯಾಗಿತ್ತು. ಅವರ ಬರಹ ಹಾಗೇ ಇತ್ತು. ಆಕೆ ಮೂಲೆಯ ಸಾಲನ್ನು ನೋಡುತ್ತಾರೋ ಇಲ್ಲವೋ. ನೋಡುವವರಿಲ್ಲದಿದ್ದರೆ ಹಕ್ಕಿ ಹಾಡು ನಿಲ್ಲಿಸಿದರೂ ಒಂದೇ, ನಿಲ್ಲಿಸದಿದ್ದರೂ ಒಂದೇ. ಅವರಿಗೊಂದು ಸಂದೇಶ ಕಳಿಸಲೇ ಎಂದು ಹುಡುಗಿಯನ್ನು ಕೇಳಿದೆ. “ನಾನು ಏನೂ ಹೇಳೋ ಹಾಗಿಲ್ಲ ಮೇಡಂ. ಮಾಡಿ ಅಂತಾನೂ, ಬೇಡ ಅಂತಾನೂ” ಎಂದು ಫೋನು ಇಟ್ಟಳು.

ಜಯನಗರದಲ್ಲಿ ನನ್ನ ಜೊತೆ ಕಾಲೇಜಿನಲ್ಲಿ ಓದಿದವಳೊಬ್ಬಳು ವಕೀಲೆ. ಅವಳ ಮನೆಗೆ ಹೋಗಿ, ಯಾರದೋ ಕಥೆ ಎಂಬ ಹಾಗೆ ಎಲ್ಲ ಹೇಳಿದೆ. ಅವಳೇನು ದಡ್ಡಿಯೇ. ಪೂರ್ತಿ ಕೇಳಿ ಕನ್ನಡಕ ತೆಗೆದಿಟ್ಟಳು.

“ನಿಂಗೆ ಯಾರಾದ್ರೂ ಆದೇಶ ಕೊಟ್ಟಿದಾರಾ?”

“ಇಲ್ಲ.”

“ಆದೇಶ ಬಂದಿದೆ ಅಂತ ಯಾರಾದ್ರೂ ಹೇಳಿದಾರಾ?”

“ಇಲ್ಲ.”

“ಹಾಗಾದ್ರೆ ನಿಂಗೆ ಏನೂ ಗೊತ್ತಿಲ್ಲ. ಎಲ್ಲರಿಗೂ ಕಾಣೋ ಪುಟದಲ್ಲಿ ಎಲ್ಲರಿಗೂ ಕಾಣೋದು ಮಾತ್ರ ನಿಂಗೂ ಕಂಡಿದೆ. ಅದನ್ನ ನೋಡಿ ಅನ್ನಬಹುದು. ಒಂದು ಅಕ್ಷರ ಜಾಸ್ತಿ ಬೇಡ, ಒಬ್ಬರಿಗೇ ಅಂತ ಬೇರೆ ಕಳಿಸೋದೂ ಬೇಡ.” ಆಮೇಲೆ ಕನ್ನಡಕ ಮತ್ತೆ ಹಾಕಿಕೊಂಡು, “ಆದ್ರೆ ಆ ಹುಡುಗಿ ಸುಮ್ಮನಿದ್ದಿದ್ದನ್ನೇ ತಪ್ಪು ಅಂತ ಯಾರಾದ್ರೂ ಎತ್ತಿದ್ರೆ ನಮ್ಮ ಕೋರ್ಟು ಏನನ್ನುತ್ತೋ ನಂಗೆ ಗೊತ್ತಿಲ್ಲ. ಇಲ್ಲಿ ಅಂಥ ಕೇಸು ನಾನು ಕಂಡಿಲ್ಲ. ಅವಳಿಗೆ ಬೇಕಾದ್ರೆ ನನ್ನ ಹತ್ರ ಬರಲಿ, ಫೀಸಿನ ಮಾತು ಬೇಡ” ಎಂದಳು.

ಮನೆಗೆ ಬಂದು ಎಲ್ಲರಿಗೂ ಕಾಣುವ ಜಾಗದಲ್ಲಿ ಬರೆದೆ: “ಇಲ್ಲಿ ಬರೆದವರೆಲ್ಲ ಮೊದಲ ಪುಟದ ಬಲಮೂಲೆಯ ತಾರೀಕನ್ನು ದಯವಿಟ್ಟು ನೋಡಿ. ಅದಕ್ಕಿಂತ ಹೆಚ್ಚು ನನಗೂ ತಿಳಿದಿಲ್ಲ.” ಇಷ್ಟು ಚಿಕ್ಕದನ್ನು ಬರೆಯಲು ಅಷ್ಟು ಹೊತ್ತು ನಾನು ಯಾವತ್ತೂ ತೆಗೆದುಕೊಂಡಿರಲಿಲ್ಲ. ಕಳಿಸಿದ ಮೇಲೆ ಕೂರಲಾಗಲಿಲ್ಲ. ಎದ್ದುಹೋಗಿ ಬಟ್ಟೆ ಮಡಿಸಿದೆ, ಮಡಿಸಿದ್ದನ್ನೇ ಮತ್ತೆ ಮಡಿಸಿದೆ.

ಮರುದಿನ ವೆಬ್‌ಸೈಟಿನೊಳಗೇ ವಾರ್ಡನ್ ಅವರ ಸಂದೇಶ ಬಂದಿತ್ತು. “ಮೊದಲ ದಿನವೇ ನೋಡಿದೆ. ನನ್ನ ಚಿಂತೆ ಬೇಡ. ವೆಬ್‌ಸೈಟ್ ನಡೆಸುವವರು ಹೇಗಿದ್ದಾರೆ?”

ಆ ಕೊನೆಯ ಪ್ರಶ್ನೆಯನ್ನು ಅಷ್ಟು ದಿನಗಳಲ್ಲಿ ಯಾರೂ ಕೇಳಿರಲಿಲ್ಲ. ಅದಕ್ಕೇ ನನಗೆ ಕಣ್ಣು ತುಂಬಿ ಬಂತು.

ಆಮೇಲೆ ಅವರೇ ಭೇಟಿಯಾಗೋಣ ಎಂದರು. ಈಗ ನನ್ನ ಹೆಸರಲ್ಲಿ ಗುಟ್ಟೇನೂ ಉಳಿದಿಲ್ಲ, ಹೆದರಬೇಡಿ ಎಂದೂ ಬರೆದಿದ್ದರು. ಜಯನಗರ ನಾಲ್ಕನೇ ಬ್ಲಾಕಿನ ಒಂದು ದರ್ಶಿನಿಯಲ್ಲಿ ಸಿಕ್ಕಿದೆವು. ಐವತ್ತರ ಆಸುಪಾಸು, ಎತ್ತರದ ಆಳು, ಬಿಗಿಯಾಗಿ ಕಟ್ಟಿದ ತುರುಬು. ನಿಂತುಕೊಂಡೇ ಕಾಫಿ ಕುಡಿಯುತ್ತ, ದೊಡ್ಡ ದನಿಯಲ್ಲಿ, ಸುತ್ತಲಿನವರ ಪರಿವೆಯಿಲ್ಲದೆ ಮಾತಾಡಿದರು.

“ನಾನು ಅಲ್ಲಿ ಬರೆಯೋಕೆ ಮುಂಚೆ ಆ ಮೂಲೆ ಸಾಲನ್ನೇ ಮೇಡಂ ಮೊದ್ಲು ಓದಿದ್ದು. ಇವ್ರು ಸುಳ್ಳು ಹೇಳಲ್ಲ ಅನ್ನಿಸ್ತು, ಬರೆದೆ. ಆಮೇಲೂ ನೋಡ್ತಾನೇ ಇದ್ದೆ. ಆ ಸಲ ಬಸ್ಸಲ್ಲಿ ಕೂತು ನೋಡಿದ್ರೆ ಹಳೇ ತಾರೀಕೇ ಇದೆ. ಸಂಜೆ ನೋಡಿದೆ, ಆಗ್ಲೂ ಅದೇ. ನನ್ನ ಬರಹದ ಬಗ್ಗೇನೇ ಕೇಳಿದಾರೆ ಅನ್ನಿಸ್ತು.”

“ಅಳಿಸಿಬಿಡೋಣ ಅನ್ನಿಸಲಿಲ್ವಾ?”

“ಅನ್ನಿಸ್ತು. ಅಳಿಸಿದ್ರೆ ಏನಾಗುತ್ತೆ? ಕೇಳೋರು ಆಗ್ಲೇ ಕೇಳಿದಾರೆ. ಇವತ್ತಲ್ಲ ನಾಳೆ ಬರೆದೋಳು ಇವಳೇ ಅಂತ ಯಾರೋ ಹೇಳ್ತಾರೆ, ಹೆಸರಿಲ್ಲದೆ ಹೊಟ್ಟೆಕಿಚ್ಚಿಗೆ ಬರೆದಳು ಅಂತಾರೆ. ಇನ್ನೊಬ್ರ ಬಾಯಲ್ಲಿ ನನ್ನ ಹೆಸರು ಬರೋಕೆ ಮುಂಚೆ ನಾನೇ ಹೇಳ್ಬೇಕು ಅಂತ ತೀರ್ಮಾನ ಮಾಡಿದೆ.”

ಮರುದಿನವೇ ಅವರು ರಜೆ ಹಾಕಿ ಇಬ್ಬರು ಹುಡುಗಿಯರ ತಾಯಂದಿರನ್ನು ಹುಡುಕಿಕೊಂಡು ಅವರ ಊರುಗಳಿಗೆ ಹೋದರು. ಒಬ್ಬಾಕೆ ಮೊದಲು ಬಾಗಿಲು ಮುಚ್ಚಿಕೊಂಡರು, ಮಗಳೇ ಬಂದು ತೆರೆದಳು. ಮೂವರೂ ಸೇರಿ ಪೊಲೀಸ್ ಠಾಣೆಗೆ ಹೋಗಿ ತಮ್ಮ ಹೆಸರಿನಲ್ಲೇ ದೂರು ಕೊಟ್ಟರು. ಮಹಿಳಾ ಆಯೋಗಕ್ಕೂ ಕೊಟ್ಟರು. ನಿರೀಕ್ಷಿಸಿದ ಹಾಗೇ ಕೆಲಸ ಹೋಯಿತು. ಹಾಸ್ಟೆಲ್ಲಿನವರು, ಯಾರೋ ಮುಖ ತೋರಿಸದವರು ಕಂಪ್ಯೂಟರಿನಲ್ಲಿ ಕಟ್ಟಿದ ಕತೆ ಇದು ಎಂದು ಹೇಳಲು ಬಂದಾಗ, ವಿಚಾರಣೆಗೆ ಬಂದ ಮಹಿಳಾ ಅಧಿಕಾರಿ, ಮುಖ ತೋರಿಸಿದವರು ಮೂವರು ಇಲ್ಲೇ ಇದ್ದಾರಲ್ಲ ಎಂದರಂತೆ. ನಡೆಸುವವರ ಆ ತಮ್ಮ ಈಗ ಹಾಸ್ಟೆಲ್ಲಿನ ಆವರಣದೊಳಗೆ ಕಾಲಿಡುವ ಹಾಗಿಲ್ಲ. ಮೊಕದ್ದಮೆ ನಡೆಯುತ್ತಲೇ ಇದೆ.

“ಆ ಸಾಲು ಬರೆಯದೇ ಇದ್ದಿದ್ದಕ್ಕೆ ನಂಗೆ ಟೈಮ್ ಸಿಕ್ತು ಮೇಡಂ. ಏನೂ ಆಗೇ ಇಲ್ಲ ಅನ್ನೋ ಹಾಗೆ ಆವಮ್ಮ ಆ ತಿಂಗಳೂ ಬರೆದುಬಿಟ್ಟಿದ್ರೆ ನಾನು ಕಣ್ಣು ಮುಚ್ಕೊಂಡು ಅಕ್ಕಿ ಅಳೀತಾ ಕೂತಿರ್ತಿದ್ದೆ” ಎಂದರು.

ಅವರ ಹೆಸರನ್ನು ಹೊರಗಿನವರು ಹೇಗಾದರೂ ಕಂಡುಹಿಡಿಯುತ್ತಿದ್ದರೋ ಇಲ್ಲವೋ, ಆ ತಿಂಗಳ ಮೌನಕ್ಕೂ ಅವರ ಬರಹಕ್ಕೂ ಸಂಬಂಧ ಇತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಬೇರೆ ಯಾರದೋ ವಿಷಯವೂ ಆಗಿರಬಹುದು. ಹುಡುಗಿ ಹೇಳಿಲ್ಲ, ನಾನು ಕೇಳಿಲ್ಲ.

ವೆಬ್‌ಸೈಟು ಆಮೇಲೆ ಚೇತರಿಸಿಕೊಳ್ಳಲಿಲ್ಲ. ಹೊಸದಾಗಿ ಬರೆಯುವವರು ಕಡಿಮೆಯಾದರು. ಅವಳು ವಕೀಲೆಯನ್ನು ಕಂಡು, ಸಲಹೆ ಕೇಳಿ, ಎಲ್ಲರಿಗೂ ಮುಂಚಿತವಾಗಿ ತಿಳಿಸಿ, ಬರೆದವರಿಗೆ ತಮ್ಮ ಬರಹ ಇಳಿಸಿಕೊಳ್ಳಲು ಸಾಕಷ್ಟು ಸಮಯ ಕೊಟ್ಟು ಮುಚ್ಚಿದಳು. ಮುಚ್ಚಿದ ದಿನ ನಾನು ಪುಟ್ಟೇನಹಳ್ಳಿಯಲ್ಲೇ ಇದ್ದೆ. ಮನೆ ಯಜಮಾನರ ಹೆಂಡತಿ ಮುದ್ದೆ, ಬಸ್ಸಾರು ಕಳಿಸಿದ್ದರು. ಯಾಕೆ ಎಂದು ಅವರೂ ಕೇಳಲಿಲ್ಲ, ಮಗು ಸೊರಗಿದೆ ಎಂದಷ್ಟೇ ಅಂದರು.

ಕೆಲವು ತಿಂಗಳು ಕಳೆದ ಮೇಲೆ ವಾರ್ಡನ್ ಊಟಕ್ಕೆ ಕರೆದರು. ಸುದ್ದಗುಂಟೆಪಾಳ್ಯದಲ್ಲಿ ತಂಗಿಯ ಮನೆಯಲ್ಲಿದ್ದರು. ಹತ್ತಿರದ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಹುಡುಗಿಯನ್ನೂ ಕರೆದುಕೊಂಡು ಬನ್ನಿ ಎಂದು ಒತ್ತಿ ಹೇಳಿದ್ದರು. ಅವಳು ಬರಲು ಒಪ್ಪಲಿಲ್ಲ. “ಅವರು ಏನಾದ್ರೂ ಕೇಳಿದ್ರೆ? ನಾನು ಏನಂತ ಕೂತ್ಕೊಳ್ಳಲಿ ಮೇಡಂ ಅವರ ಮುಂದೆ?” ಎಂದಳು. ಕೇಳುವುದಿಲ್ಲ ಎಂದು ನಾನು ಭರವಸೆ ಕೊಟ್ಟೆ. ನನಗೂ ಪೂರ್ತಿ ಧೈರ್ಯವಿರಲಿಲ್ಲ.

ವಾರ್ಡನ್ ಬಾಗಿಲು ತೆರೆದು ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. “ಇಷ್ಟು ಸಣ್ಣೋಳಾ ನೀನು. ನಾನು ಯಾರೋ ದೊಡ್ಡ ಮೇಡಂ ಅಂದ್ಕೊಂಡಿದ್ದೆ.”

ಹುಡುಗಿ ನಿಂತಲ್ಲೇ ನಿಂತಳು. “ಮೇಡಂ, ನಾನು...” ಎಂದಳು.

“ಹೇಳ್ಬೇಡ. ಹೇಳೋ ಹಾಗಿಲ್ಲ ಅಂತ ಗೊತ್ತು. ನಂಗೆ ಕೇಳೋದು ಏನೂ ಇಲ್ಲಮ್ಮ, ಒಳಗೆ ಬಾ.”

ಅವಳು ಅತ್ತಳು. ಅಷ್ಟು ತಿಂಗಳಲ್ಲಿ ನನ್ನೆದುರು ಒಮ್ಮೆಯೂ ಅತ್ತಿರಲಿಲ್ಲ. ಚಪ್ಪಲಿ ಬಿಡಲು ಬಗ್ಗಿದವಳು ಅಲ್ಲೇ ಹೊಸ್ತಿಲ ಪಕ್ಕ ಕೂತುಬಿಟ್ಟಳು. ವಾರ್ಡನ್ ಸಮಾಧಾನ ಮಾಡುವ ಗೋಜಿಗೆ ಹೋಗಲಿಲ್ಲ. ಹಾಸ್ಟೆಲ್ಲಿನ ಹುಡುಗಿಯರನ್ನು ಸಾಕಿದವರು, ಅತ್ತು ಮುಗಿಯಲಿ ಎಂದು ಪಕ್ಕದಲ್ಲೇ ನಿಂತರು. ಆಮೇಲೆ ತಂಗಿಯನ್ನು ಕರೆದು ಎಲೆ ಹಾಕಲು ಹೇಳಿದರು.

ಊಟಕ್ಕೆ ಚಪಾತಿ, ಹೀರೇಕಾಯಿ ಪಲ್ಯ, ಅನ್ನ ಸಾರು, ಶಾವಿಗೆ ಪಾಯಸ ಇತ್ತು. ಆ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಪಿಯುಸಿ ಮುಗಿಸಿ ನರ್ಸಿಂಗ್ ಸೇರಿದ್ದಾಳೆ ಎಂದು ವಾರ್ಡನ್ ಬಡಿಸುತ್ತಲೇ ಹೇಳಿದರು. ಇನ್ನೊಬ್ಬಳ ತಾಯಿ ಈಗಲೂ ಕೋರ್ಟಿಗೆ ಬರಲು ಹೆದರುತ್ತಾರಂತೆ, ಪ್ರತಿ ಸಲ ಇವರೇ ಹೋಗಿ ಕರೆದುಕೊಂಡು ಬರುತ್ತಾರಂತೆ. ಹುಡುಗಿ ತಲೆ ತಗ್ಗಿಸಿ ಕೇಳುತ್ತ, ಎರಡನೇ ಸಲ ಪಾಯಸ ಹಾಕಿಸಿಕೊಂಡಳು.

ಇಬ್ಬರೂ ಆಟೊದಲ್ಲಿ ವಾಪಸು ಹೊರಟೆವು. ಬನ್ನೇರುಘಟ್ಟ ರಸ್ತೆಯ ಸಿಗ್ನಲ್ಲಿನಲ್ಲಿ ಆಟೊ ನಿಂತಿತು.

“ಆ ತಾಯಿನ ಕೋರ್ಟಿಗೆ ಕರ್ಕೊಂಡು ಬರೋಕೆ ಮುಂದಿನ ಸಲ ನಾನು ಬಾಡಿಗೆ ಕಾರು ಮಾಡ್ಕೊಂಡು ಹೋಗಲಾ ಮೇಡಂ?” ಎಂದಳು.

“ವಾರ್ಡನ್‌ನ ಕೇಳು” ಎಂದೆ.

ಅವಳು ಅಲ್ಲೇ ಫೋನು ತೆಗೆದಳು.